ಟೀ ಕುಡೀತಾ ಚೈನೀಸ್ ಸಂಗೀತ: ಗುಚಿನ್ ಹಾಕ್ಬೇಕಾ, ಗುಜೆಂಗಾ, ಇಲ್ಲಾ ಆ ಮೂರು ಗಂಟೆ ಪ್ಲೇಲಿಸ್ಟೇ ಸಾಕಾ?

ಯೂಟ್ಯೂಬ್‌ನಲ್ಲಿ ಚೈನೀಸ್ ಟೀ ಮ್ಯೂಸಿಕ್ ಅಂತ ಹುಡುಕಿದ್ರೆ ಮೊದ್ಲು ಸಿಗೋದೇ ಮೂರು ಗಂಟೆ, ಎಂಟು ಗಂಟೆ ಉದ್ದದ ವಿಡಿಯೋಗಳು, ಮಂಜು ತುಂಬಿದ ಬೆಟ್ಟ, ಒಂದು ಮಣ್ಣಿನ ಟೀಪಾಟು, ಪಕ್ಕದಲ್ಲಿ ಬಿದಿರು, ಹಿಂದೆ ನೀರು ಹರಿಯೋ ಸದ್ದು. ನುಡಿಸಿದವ್ರ ಹೆಸ್ರು ಇರಲ್ಲ, ಯಾವ ಕೃತಿ ಅಂತ ಇರಲ್ಲ, ಎಷ್ಟೋ ಸಲ ಚಿತ್ರದಲ್ಲಿರೋ ದೇವಸ್ಥಾನ ಜಪಾನಿಂದು, ಕೊಳಲೂ ಜಪಾನಿಂದು, ಕೆಳಗಡೆ ಪೂರ್ತಿ ಸಿಂಥಸೈಜರ್. ಕೆಟ್ಟದು ಅಂತ ಹೇಳ್ತಿಲ್ಲ, ನಿದ್ದೆ ಬರಿಸೋಕೆ ಚೆನ್ನಾಗೇ ಕೆಲ್ಸ ಮಾಡತ್ತೆ. ಆದ್ರೆ ಅದನ್ನ ಕೇಳಿ ಚೀನಾ ಸಂಗೀತ ಅಂದ್ರೆ ಇಷ್ಟೇ, ಸಣ್ಣಗೆ ಟಿಂಗ್ ಟಿಂಗ್ ಅಂತಿರತ್ತೆ ಅಂದ್ಕೊಂಡ್ರೆ ನಷ್ಟ ನಿಮ್ದೇ. ಅಲ್ಲಿ ಒಂದಕ್ಕೊಂದು ಸಂಬಂಧಾನೇ ಇಲ್ಲದಷ್ಟು ಬೇರೆ ಬೇರೆ ಸಂಪ್ರದಾಯಗಳಿವೆ, ಕೆಲವು ಟೀ ಅಂಗಡಿಯೊಳಗೇ ಬೆಳೆದಿದ್ದು, ಕೆಲವಕ್ಕೆ ಟೀ ಅಂಗಡಿ ಗದ್ದಲ ಅಂದ್ರೆ ಆಗ್ತಾನೇ ಇರ್ಲಿಲ್ಲ.

ಅದಕ್ಕೇ ವಾದ್ಯ ಆರಿಸೋಕೆ ಮುಂಚೆ, ಕೂತಿರೋದು ಯಾತಕ್ಕೆ ಅಂತ ಒಂದ್ಸಲ ನೋಡ್ಕೊಳ್ಳಿ. ನಾಲ್ಕು ಜನ ಬಂದಿದಾರಾ, ಮಾತಾಡ್ಬೇಕಾ? ಒಬ್ರೇ ಇದೀರಾ, ಹೊಸ ಟೀ ತಂದಿದೀರಾ, ಅದರ ರುಚಿ ಮೇಲೇ ಗಮನ ಇರ್ಬೇಕಾ? ಇಲ್ಲಾ ಸಂಗೀತಾನೇ ಕೇಳ್ಬೇಕು, ಟೀ ಬರೀ ಕೈಗೊಂದು ಕೆಲ್ಸನಾ? ಈ ಮೂರಕ್ಕೂ ಒಂದೇ ಸಂಗೀತ ಹೊಂದಲ್ಲ. ಇದು ನನ್ನ ತಲೆಹರಟೆ ಅಲ್ಲ, ಹಾಂಗ್‌ಝೋದ ಶೂ ತ್ಸಿಶು ಅನ್ನೋರು 1597ರಲ್ಲೇ ಚಹಾ ಬಗ್ಗೆ ಒಂದು ಪುಸ್ತಕ ಬರೆದು ಅದ್ರಲ್ಲಿ ಟೀ ಕುಡಿಯೋಕೆ ಯಾವ್ಯಾವ ಹೊತ್ತು ಒಳ್ಳೇದು ಅಂತ ಉದ್ದ ಪಟ್ಟಿ ಕೊಟ್ಟಿದಾರೆ, ಹಾಡು ಕೇಳುವಾಗ, ಹಾಡು ಮುಗಿದ್ಮೇಲೆ, ಚಿನ್ (ಅಂದ್ರೆ ಗುಚಿನ್ ಅನ್ನೋ ತಂತಿ ವಾದ್ಯ) ನುಡಿಸ್ತಾ ಚಿತ್ರ ನೋಡುವಾಗ, ರಾತ್ರಿ ಹೊತ್ತು ಸ್ನೇಹಿತರ ಜೊತೆ ಮಾತಾಡುವಾಗ ಅಂತೆಲ್ಲ. ಟೀ ಬೇಡ ಅನ್ನೋ ಸಮಯದ ಪಟ್ಟಿನೂ ಇದೆ, ಅದ್ರಲ್ಲಿ ನಾಟಕ ನೋಡೋದು ಅಂತ ಸೇರ್ಸಿದಾರೆ! ಅಲ್ಲಿನ ನಾಟಕ ಅಂದ್ರೆ ಹಾಡು, ತಾಳ, ಜಾಗಟೆ ಎಲ್ಲಾ ಇರೋದು, ನಮ್ಮ ಯಕ್ಷಗಾನದವ್ರಿಗೆ ಬಿಡಿಸಿ ಹೇಳೋದೇ ಬೇಡ. ತಮಾಷೆ ಅಂದ್ರೆ ಮುಂದೆ ಚಿಂಗ್ ವಂಶದ ಕಾಲದ ಬೀಜಿಂಗ್‌ನಲ್ಲಿ ಇದು ಪೂರ್ತಿ ಉಲ್ಟಾ ಆಯ್ತು, ನಾಟಕದ ಮನೆಗಳಿಗೇ ಟೀ ತೋಟ ಅಂತ ಹೆಸ್ರು, ಟಿಕೆಟ್ ಬದ್ಲು ಟೀ ದುಡ್ಡು ಕೊಟ್ಟು ಒಳಗೆ ಹೋಗ್ತಿದ್ರು. ಹಾಗಾಗಿ ಇದೇ ಸರಿ ಅನ್ನೋ ಒಂದು ಶಾಸ್ತ್ರ ಅಲ್ಲೂ ಇರ್ಲಿಲ್ಲ, ಪಂಡಿತರ ಕೋಣೆ ಒಂದು ಕಡೆ, ಜನರ ಟೀ ಅಂಗಡಿ ಇನ್ನೊಂದು ಕಡೆ.

ಗುಚಿನ್ – ಒಬ್ರೇ ಇರುವಾಗ, ಫ್ಯಾನ್ ಆಫ್ ಮಾಡಿ

ಪಂಡಿತರ ಕೋಣೆಯಿಂದಲೇ ಶುರು ಮಾಡೋಣ. ಗುಚಿನ್ ಅಂದ್ರೆ ಉದ್ದನೆ ಮರದ ಹಲಗೆ ಥರದ ವಾದ್ಯ, ಏಳು ತಂತಿ, ವೀಣೆ ಹಾಗೆ ಮೆಟ್ಟಿಲುಗಳಿಲ್ಲ, ಬದಿಯಲ್ಲಿ 13 ಚುಕ್ಕಿ ಕೂರಿಸಿರ್ತಾರೆ ಅಷ್ಟೇ. ಬಲಗೈಲಿ ಮೀಟೋದು, ಎಡಗೈ ಬೆರಳು ತಂತಿ ಮೇಲೆ ಜಾರ್ತಾ ಹೋಗೋದು. ಮೀಟಿದ ನಾದ ಸಾಯ್ತಾ ಇರುವಾಗ್ಲೂ ಬೆರಳು ಜಾರ್ತಾನೇ ಇರತ್ತೆ, ಕೊನೆಗೆ ಸ್ವರ ಹೋಗಿ ಬೆರಳು ತಂತಿ ಮೇಲೆ ಉಜ್ಜೋ ಸದ್ದಷ್ಟೇ ಉಳ್ಯತ್ತೆ, ಅದೂ ಸಂಗೀತದ ಭಾಗಾನೇ. ಗಮಕ ಕೇಳಿ ಬೆಳೆದ ಕಿವಿಗೆ ಇದು ಬೇಗ ಹಿಡಿಸತ್ತೆ. ಆದ್ರೆ ಶ್ರುತಿಗೆ ತಂಬೂರಿ ಇಲ್ಲ, ಮೃದಂಗ ಇಲ್ಲ, ಎಷ್ಟೋ ಕೃತಿಗಳು ಆಲಾಪನೆ ಥರ ತಾಳವಿಲ್ದೆ ಶುರುವಾಗಿ ಆಮೇಲೆ ನಿಧಾನಕ್ಕೆ ಒಂದು ನಡೆಗೆ ಬರ್ತವೆ. ನಡುವೆ ಖಾಲಿ ಜಾಗ ಜಾಸ್ತಿ. ಫೋನು ನಿಂತೋಯ್ತಾ ಅಂತ ನೋಡೋಷ್ಟು ಖಾಲಿ.

ಸದ್ದು ತುಂಬಾ ಚಿಕ್ಕದು. ಸಭೆಗೆ ಅಂತ ಮಾಡಿದ್ದೇ ಅಲ್ಲ, ತನಗೋಸ್ಕರ ಇಲ್ಲಾ ಒಬ್ಬ ಗೆಳೆಯನಿಗೋಸ್ಕರ ನುಡಿಸೋದು. ಬೋಯಾ ಅನ್ನೋನು ಬೆಟ್ಟ ನೆನೆದು ನುಡಿಸಿದ್ರೆ ಗೆಳೆಯ ಝೋಂಗ್ ಜಿಚಿಗೆ ಬೆಟ್ಟ ಕಾಣೋದು, ನೀರು ನೆನೆದು ನುಡಿಸಿದ್ರೆ ನೀರು ಕಾಣೋದು, ಆ ಗೆಳೆಯ ಸತ್ತ ಮೇಲೆ ಬೋಯಾ ತಂತಿ ಕಿತ್ತು ಮತ್ತೆ ನುಡಿಸ್ಲೇ ಇಲ್ಲ ಅನ್ನೋ ಹಳೇ ಕಥೆ ಚೀನಾದಲ್ಲಿ ಮಕ್ಕಳಿಗೂ ಗೊತ್ತು. ಆ ಕಥೆಗೆ ಜೋಡಿಸಿಕೊಂಡು ಬಂದ ಕೃತಿ ಲಿಯು ಶುಯ್, ಹರಿಯೋ ನೀರು ಅಂತ. ಗುವಾನ್ ಪಿಂಗ್‌ಹು ನುಡಿಸಿದ ಲಿಯು ಶುಯ್ 1977ರಲ್ಲಿ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ ಬಾಹ್ಯಾಕಾಶಕ್ಕೆ ಹೋಯ್ತು, ಏಳೂವರೆ ನಿಮಿಷ. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿನೂ ಇದೆ, ಕನ್ನಡದಲ್ಲಿ ಹೇಳಿದ ಒಂದು ಶುಭಾಶಯನೂ ಇದೆ. ಕನ್ನಡದವ್ರಿಗೆ ಗುಚಿನ್ ಶುರು ಮಾಡೋಕೆ ಇದಕ್ಕಿಂತ ಒಳ್ಳೆ ನೆಪ ಬೇಕಾ?

ಟೀಗೂ ಇದಕ್ಕೂ ನಂಟು ಇದೆಯಾ ಅಂದ್ರೆ, ಗಟ್ಟಿಯಾಗೇ ಇದೆ. ಮಿಂಗ್ ವಂಶದ ಮೊದಲ ಚಕ್ರವರ್ತಿ 1391ರಲ್ಲಿ ಅಚ್ಚು ಒತ್ತಿದ ಟೀ ಬಿಲ್ಲೆಗಳನ್ನ ಕಪ್ಪ ಕಾಣಿಕೆಯಾಗಿ ಕೊಡೋದು ನಿಲ್ಸಿ, ಬಿಡಿ ಎಲೆನೇ ಕಳ್ಸಿ ಅಂತ ಆಜ್ಞೆ ಮಾಡ್ದ, ಇವತ್ತು ನಾವು ಎಲೆ ಹಾಕಿ ಬಿಸಿನೀರು ಹುಯ್ಯೋ ಪದ್ಧತಿ ಎಲ್ಲಾ ಕಡೆ ಹರಡೋಕೆ ಅದೊಂದು ದೊಡ್ಡ ಕಾರಣ. ಅವ್ನ ಮಗ ಝು ಚುಆನ್ ರಾಜಕೀಯದಿಂದ ದೂರ ಸರಿದು ಟೀ ಬಗ್ಗೆ ಒಂದು ಪುಸ್ತಕ ಬರೆದ, 1425ರಲ್ಲಿ ಗುಚಿನ್ ಕೃತಿಗಳ ಒಂದು ದೊಡ್ಡ ಸಂಗ್ರಹನೂ ತಂದ, ಈಗ ಸಿಗೋ ಅಂಥ ಸಂಗ್ರಹಗಳಲ್ಲಿ ಅದೇ ಹಳೇದು. ಅಂದ್ರೆ ಟೀ ಮೇಜು, ಚಿನ್ ಮೇಜು ಎರಡೂ ಒಬ್ನೇ ಮನುಷ್ಯನ ಮುಂದೆ ಇತ್ತು.

ಇಲ್ಲೊಂದು ವಿಷ್ಯ ಗೊತ್ತಿದ್ರೆ ರೆಕಾರ್ಡಿಂಗ್ ಆರಿಸೋದು ಸುಲಭ. ಆ ಹಳೇ ಸ್ವರಲಿಪಿಯಲ್ಲಿ ಯಾವ ತಂತಿ, ಯಾವ ಜಾಗ, ಯಾವ ಬೆರಳು ಅಂತ ಇರತ್ತೆ, ಎಷ್ಟು ಹೊತ್ತು ಅನ್ನೋದು ಸರಿಯಾಗಿ ಇರಲ್ಲ. ಲಯ ನುಡಿಸೋರೇ ಕೂತು ಹುಡುಕ್ಬೇಕು, ತಿಂಗಳುಗಟ್ಟಲೆ ಹಿಡಿಯೋ ಕೆಲ್ಸ. ಹಾಗಾಗಿ ಒಂದೇ ಕೃತಿ ಒಬ್ರ ಕೈಲಿ ಚುರುಕು, ಇನ್ನೊಬ್ರ ಕೈಲಿ ಮೆಲ್ಲಗೆ. ಒಂದು ಇಷ್ಟ ಆಗ್ಲಿಲ್ಲ ಅಂದ್ರೆ ವಾದ್ಯಾನೇ ಬಿಡ್ಬೇಡಿ, ಇನ್ನೊಬ್ರದ್ದು ಹಾಕಿ. ಗುವಾನ್ ಪಿಂಗ್‌ಹು, ವು ಜಿಂಗ್‌ಲ್ಯೂ, ಝಾಂಗ್ ಜಿಚಿಯಾನ್, ಈ ಮೂರು ಹೆಸ್ರು ಹುಡುಕಿದ್ರೆ ಸಾಕು. 1956ರಲ್ಲಿ ಝಾ ಫೂಶಿ ಮುಂದಾಳತ್ವದಲ್ಲಿ ದೇಶ ಪೂರ್ತಿ ಸುತ್ತಿ ಹಳೇ ಗುಚಿನ್ ವಾದಕರನ್ನ ರೆಕಾರ್ಡ್ ಮಾಡ್ಕೊಂಡ್ರು, ಆ ಕಾಲದವು ರೇಷ್ಮೆ ತಂತಿ, ನಾದ ಸ್ವಲ್ಪ ಒರಟು, ಮರದ ವಾಸನೆ ಬರೋ ಹಾಗಿರತ್ತೆ. ಆಮೇಲೆ ಲೋಹದ ಮೇಲೆ ನೈಲಾನ್ ಸುತ್ತಿದ ತಂತಿ ಬಂತು, ನಾದ ಉದ್ದಕ್ಕೆ ನಿಲ್ಲತ್ತೆ, ನುಣುಪು, ಬೆರಳು ಉಜ್ಜೋ ಸದ್ದೂ ಕಮ್ಮಿ. ಮೊದಲ ಸಲ ಕೇಳೋರಿಗೆ ಹೊಸ ತಂತಿನೇ ಸುಲಭ, ನನ್ನ ಓಟು ಮಾತ್ರ ರೇಷ್ಮೆಗೆ.

ಯಾವ ಟೀ? ವುಯಿ ಬೆಟ್ಟದ ಹುರಿದ ಊಲಾಂಗ್ (ಹಸಿರು ಟೀಗೂ ಕಪ್ಪು ಟೀಗೂ ನಡುವಿನ ಜಾತಿ), ಇಲ್ಲಾ ಹಳೇ ಪುಯರ್ (ಹುದುಗಿಸಿ ಇಟ್ಟು ಹಳೇದು ಮಾಡೋ ಟೀ). ಗೈವಾನ್ ಅಂದ್ರೆ ಮುಚ್ಚಳದ ಬಟ್ಟಲು, ಅದ್ರಲ್ಲಿ 100 ಮಿಲೀ ನೀರಿಗೆ ಐದಾರು ಗ್ರಾಂ ಎಲೆ ಹಾಕಿ ಹತ್ತು ಹದಿನೈದು ಸೆಕೆಂಡಿಗೆ ಬಗ್ಗಿಸಿ ಕುಡಿಯೋ ಗುಂಗ್‌ಫು ಪದ್ಧತಿ ಮಾಡ್ತೀರಾ ಅಂದ್ರೆ ಒಂದು ಲಿಯು ಶುಯ್ ಮುಗಿಯೋ ಹೊತ್ತಿಗೆ ಎರಡು ಮೂರು ಸುತ್ತು ಆಗತ್ತೆ. ಇನ್ನೊಂದು ಮಾತು, ನೀರು ಕಾಯೋವರೆಗೂ ಪ್ಲೇ ಒತ್ಬೇಡಿ. ಎಲೆಕ್ಟ್ರಿಕ್ ಕೆಟಲ್ ಕುದಿಯೋ ಸದ್ದಿನ ಮುಂದೆ ಗುಚಿನ್ ಕೇಳ್ಸೋದೇ ಇಲ್ಲ. ನೆಂಟರು ಬಂದಾಗಂತೂ ಬೇಡ್ವೇ ಬೇಡ, ಯಾರೋ ಒಬ್ರು ಎಲ್ಲೋ ಏನೋ ಸದ್ದಾಗ್ತಿದೆ ನೋಡಿ ಅಂತಾರೆ.

ಜೊತೆಗೆ ಶಿಯಾವೊ ಸೇರಿದ್ರೆ ಸ್ವಲ್ಪ ಸುಲಭ ಆಗತ್ತೆ. ಅದು ನೆಟ್ಟಗೆ ಹಿಡಿದು ಊದೋ ಬಿದಿರಿನ ಕೊಳಲು, ಮೆತ್ತಗಿನ ಗಾಳಿ ತುಂಬಿದ ನಾದ, ಗುಚಿನ್ ಬಿಟ್ಟ ಖಾಲಿ ಜಾಗನ ತುಂಬ್ತಾ ಹೋಗತ್ತೆ. ಗುಚಿನ್ ಬೋರ್ ಅಂದವ್ರಿಗೆ ಮೇಹುವಾ ಸಾನ್‌ನೋಂಗ್ ಅನ್ನೋ ಕೃತಿನ ಈ ಜೋಡಿಯಲ್ಲಿ ಕೇಳ್ಸಿ ನೋಡಿ. ಒಂದೇ ರಾಗದ ತುಣುಕು ಮೂರು ಸಲ ತಂತಿಯ ಬೇರೆ ಬೇರೆ ಜಾಗದಲ್ಲಿ ಗಂಟೆ ಥರದ ತೆಳು ನಾದದಲ್ಲಿ ವಾಪಸ್ ಬರತ್ತೆ, ಹಿಡ್ಕೊಳ್ಳೋಕೆ ಒಂದು ಗುರುತು ಸಿಗತ್ತೆ.

ಗುಜೆಂಗ್ – ಎಲ್ಲರಿಗೂ ನಡೆಯತ್ತೆ, ಅದೇ ಅದರ ತೊಂದ್ರೆ

ಟೀ ಅಂಗಡಿ, ಹೋಟೆಲ್ ಲಾಬಿ, ಮಸಾಜ್ ಪಾರ್ಲರ್, ಎಲ್ಲಾ ಕಡೆ ಹಾಕೋದು ಇದೇ. ಈಗಿನ ಗುಜೆಂಗ್‌ಗೆ 21 ತಂತಿ, ಒಂದೊಂದಕ್ಕೂ ಸರಿಸಬಹುದಾದ ಕುದುರೆ, ಬೆರಳಿಗೆ ಉಗುರು ಕಟ್ಕೊಂಡು ನುಡಿಸ್ತಾರೆ. ನಾದ ಹೊಳಪು, ದೊಡ್ಡದು, ಸರ್ರಂತ ಮೇಲಿಂದ ಕೆಳಗೆ ಬೆರಳು ಎಳೆದ್ರೆ ಜಲಪಾತ. ಮಾತಿನ ಮಧ್ಯೆನೂ ಕೇಳ್ಸತ್ತೆ, ಗಮನ ಕೊಡದಿದ್ರೂ ಬೇಜಾರು ಮಾಡ್ಕೊಳ್ಳಲ್ಲ. ಲಾಂಗ್‌ಜಿಂಗ್ ಥರದ ಹಸಿರು ಟೀ, ಗಾಜಿನ ಲೋಟ, ಬೆಳಗಿನ ಬಿಸಿಲು, ಇದಕ್ಕೆ ಗುಜೆಂಗ್ ಒಪ್ಪತ್ತೆ.

ಗುಚಿನ್ನಾ ಗುಜೆಂಗಾ ಅಂತ ಗೊಂದಲ ಇದ್ರೆ ಕಿವಿಗೆ ಸುಲಭದ ಪರೀಕ್ಷೆ ಇದು: ಸ್ವರಗಳ ಸುರಿಮಳೆ ಇದ್ರೆ ಗುಜೆಂಗ್, ಒಂದು ಸ್ವರ ಹಾಕಿ ಅದರ ಹಿಂದೇನೇ ಹೋಗ್ತಿದ್ರೆ ಗುಚಿನ್. ವಿಡಿಯೋಗಳ ತಲೆಬರಹ ನಂಬ್ಬೇಡಿ, ಗುಚಿನ್ ಅಂತ ಬರೆದು ಗುಜೆಂಗ್ ಹಾಕಿರೋದು ಬೇಕಾದಷ್ಟಿದೆ.

ಯುಝೋ ಚಾಂಗ್‌ವಾನ್ ಇದರ ಹೆಸರುವಾಸಿ ಕೃತಿ, ಸಂಜೆ ದೋಣಿ ಹತ್ತಿ ವಾಪಸ್ ಬರೋ ಮೀನುಗಾರರ ಹಾಡು. ಮೊದ್ಲರ್ಧ ನಿಧಾನ, ಕೊನೆಗೆ ಓಟ. ಆದ್ರೆ ಚೀನಾದವ್ರ ಮುಂದೆ ಹಾಕಿದ್ರೆ ನಗ್ತಾರೆ, ಯಾಕಂದ್ರೆ ಅಲ್ಲಿನ ರಾಷ್ಟ್ರೀಯ ಟೀವಿಯಲ್ಲಿ ದಶಕಗಳಿಂದ ಹವಾಮಾನ ವರದಿಗೆ ಇದೇ ರಾಗನ ಎಲೆಕ್ಟ್ರಾನಿಕ್ ಕೀಬೋರ್ಡಲ್ಲಿ ನುಡಿಸಿದ್ದನ್ನ ಹಾಕ್ತಾ ಬಂದಿದಾರೆ, ನಾಳೆ ಮಳೆನಾ ಬಿಸಿಲಾ ಅಂತ ಕಾಯೋ ಹಾಗಾಗತ್ತೆ. ಇನ್ನು ಆಟೋಪ್ಲೇ ಬಿಟ್ಟು ಕೂತ್ರೆ ಮುಂದೆ 1965ರ ಝಾನ್ ತೈಫೆಂಗ್ ಬಂದು ಕೂತ್ಕೊಳ್ಳತ್ತೆ, ಬಂದರಿನ ಕೂಲಿಗಳು ಚಂಡಮಾರುತದ ಜೊತೆ ಹೋರಾಡೋ ಕೃತಿ, ಕೈಲಿರೋ ಲೋಟ ಅಲ್ಲಾಡತ್ತೆ. ಅದ್ಭುತ ಕೃತಿನೇ, ಟೀಗೆ ಅಲ್ಲ ಅಷ್ಟೇ. ಮೆತ್ತಗಿನದು ಬೇಕಂದ್ರೆ ಹಕ್ಕಾ ಜನರ ಕಡೆಯ ಚುಶುಯ್ ಲಿಯಾನ್, ನೀರಿಂದ ಎದ್ದ ಕಮಲ ಅಂತ, ಚಿಕ್ಕದು, ಚೊಕ್ಕ.

ಜಿಯಾಂಗ್‌ನಾನ್ ಸಿಜು – ನನ್ನ ಆಯ್ಕೆ ಇದು

ಜನ ಬಂದಿದಾರೆ, ಟೀನೂ ಬೇಕು, ಮಾತೂ ಬೇಕು, ಹಿಂದೆ ಏನಾದ್ರೂ ಇರ್ಬೇಕು ಅಂದ್ರೆ ಕಣ್ಮುಚ್ಕೊಂಡು ಇದನ್ನ ಹಾಕಿ. ಶಾಂಘೈ, ಸುಝೋ, ಹಾಂಗ್‌ಝೋ ಸುತ್ತಲಿನ, ಯಾಂಗ್‌ಟ್ಸಿ ನದಿ ಕೆಳಭಾಗದ ಊರುಗಳ ಮೇಳ ಸಂಗೀತ. ಹೆಸರೇ ಹೇಳೋ ಹಾಗೆ ರೇಷ್ಮೆ ಮತ್ತು ಬಿದಿರು, ಅಂದ್ರೆ ತಂತಿ ವಾದ್ಯ ಮತ್ತು ಕೊಳಲು. ದಿಜಿ ಅನ್ನೋ ಅಡ್ಡ ಕೊಳಲು, ಕಮಾನಲ್ಲಿ ನುಡಿಸೋ ಎರ್ಹು, ನಾಲ್ಕು ತಂತಿ ಮೀಟಿ ನುಡಿಸೋ ಪಿಪಾ, ಸಂತೂರ್ ಥರದ ಯಾಂಗ್‌ಚಿನ್, ಮೂರು ತಂತಿಯ ಸಾನ್‌ಶಿಯೆನ್, ಬಾಯಲ್ಲಿ ಊದೋ ಶೆಂಗ್, ತಾಳಕ್ಕೆ ಒಂದು ಚಿಕ್ಕ ಮರದ ಚಿಟಿಕೆ. ದಿಜಿಯಲ್ಲಿ ಒಂದು ತೂತಿಗೆ ಜೊಂಡಿನ ಕಾಂಡದ ಒಳಗಿನ ತೆಳು ಪೊರೆ ಅಂಟಿಸಿರ್ತಾರೆ, ಅದು ಝುಂಯ್ ಅಂತ ನಡುಗತ್ತೆ, ನಮ್ಮ ಕೊಳಲು ಕೇಳಿದವ್ರಿಗೆ ಮೊದ್ಲು ಸ್ಪೀಕರ್ ಹಾಳಾಗಿದೆಯೇನೋ ಅನ್ಸತ್ತೆ, ಹಾಳಾಗಿಲ್ಲ.

ಇದ್ರಲ್ಲಿ ಎಲ್ಲರೂ ಒಂದೇ ರಾಗ ನುಡಿಸ್ತಾರೆ, ಆದ್ರೆ ಒಬ್ಬೊಬ್ರೂ ತಮ್ಮ ವಾದ್ಯಕ್ಕೆ ಒಪ್ಪೋ ಹಾಗೆ, ಒಬ್ರು ಒಂದು ಕಡೆ ಸ್ವರ ಬಿಟ್ರೆ ಇನ್ನೊಬ್ರು ಅಲ್ಲಿ ಎರಡು ಸೇರಿಸ್ತಾರೆ. ಜಗಲಿ ಮೇಲೆ ಕೂತ ಐದಾರು ಜನ ಊರಿನ ಒಂದೇ ಸುದ್ದಿನ ಒಟ್ಟಿಗೆ ಹೇಳ್ತಾ, ಒಬ್ರ ಮಾತಿಗೆ ಒಬ್ರು ಉಪ್ಪು ಖಾರ ಹಚ್ತಾ ಇದ್ದ ಹಾಗೆ. ಅದಕ್ಕೇ ಮಾತಿನ ಜೊತೆ ಇದು ಜಗಳ ಆಡಲ್ಲ, ನಿಮ್ಮ ಮಾತೂ ಅದರಲ್ಲಿ ಇನ್ನೊಂದು ವಾದ್ಯ ಆಗ್ಬಿಡತ್ತೆ.

ಎಂಟು ದೊಡ್ಡ ಕೃತಿಗಳು ಅಂತ ಎಲ್ಲರೂ ಒಪ್ಪಿದ ಪಟ್ಟಿ ಇದೆ, ಹುವಾನ್ಲೆ ಗೆ, ಸಾನ್‌ಲಿಯು, ಯುನ್‌ಚಿಂಗ್, ಶಿಂಗ್‌ಜಿಯೆ, ಸಿಹೆ ರುಯಿ ಹೀಗೆ. ಎಲ್ಲಾ ಕೇಳ್ಬೇಕಂತಿಲ್ಲ. ಝೋಂಗ್‌ಹುವಾ ಲಿಯುಬಾನ್ ಒಂದರಿಂದ ಶುರು ಮಾಡಿ. ಲಾವೊ ಲಿಯುಬಾನ್ ಅನ್ನೋ ತೀರಾ ಸರಳವಾದ, ಮಕ್ಕಳೂ ಗುನುಗೋ ಚಿಕ್ಕ ರಾಗನ ತಗೊಂಡು ಅದರ ವೇಗ ಕಮ್ಮಿ ಮಾಡಿ, ಸ್ವರದ ಮಧ್ಯೆ ಹುಟ್ಟಿದ ಜಾಗದಲ್ಲಿ ಹೂ ಪೋಣಿಸ್ತಾ ಹೋಗಿ ಹೊಸ ಕೃತಿ ಮಾಡಿರೋದು ಇದು, ಅದನ್ನೂ ಇನ್ನಷ್ಟು ನಿಧಾನ ಮಾಡಿ ಇನ್ನೊಂದು ಮಾಡಿದಾರೆ. ಮೂಲ ರಾಗ ಒಂದ್ಸಲ ಕೇಳಿ, ಆಮೇಲೆ ಇದನ್ನ ಕೇಳಿ, ಒಳಗೆ ಅಡಗಿರೋದನ್ನ ಹುಡುಕೋದೇ ಒಂದು ಆಟ. ನಮ್ಮಲ್ಲಿ ಒಂದನೇ ಕಾಲ ಎರಡನೇ ಕಾಲ ಅಂತ ಸರಳೆ ವರಸೆ ಅಭ್ಯಾಸ ಮಾಡಿದವ್ರಿಗೆ ಬೇಗ ಹೊಳೆಯತ್ತೆ.

ಇದು ನಿಜಕ್ಕೂ ಟೀ ಅಂಗಡಿ ಸಂಗೀತ. ಶಾಂಘೈನ ಹಳೇ ಊರಲ್ಲಿ ಯುಯುಆನ್ ತೋಟದ ಪಕ್ಕ ಕೊಳದ ನಡುವೆ ಇರೋ ಹೂಶಿನ್‌ಟಿಂಗ್, ಅಂಕುಡೊಂಕು ಸೇತುವೆ ದಾಟಿ ಹೋಗೋದು, 1855ರಿಂದ ಟೀ ಮನೆ. ಅಲ್ಲಿ ಹವ್ಯಾಸಿಗಳು, ಬಹುಪಾಲು ವಯಸ್ಸಾದವ್ರು, ಸೋಮವಾರ ಮಧ್ಯಾಹ್ನ ಮೇಜಿನ ಸುತ್ತ ಕೂತು ನುಡಿಸೋ ಪದ್ಧತಿ ಬಹಳ ಕಾಲದಿಂದ ನಡೆದು ಬಂದಿದೆ. ಸ್ಟೇಜ್ ಇಲ್ಲ, ಒಬ್ರಿಗೊಬ್ರು ಮುಖ ಮಾಡಿ ಕೂರೋದು, ಮುಂದೆ ಟೀ ಲೋಟ, ಒಬ್ರು ಎದ್ರೆ ಇನ್ನೊಬ್ರು ಆ ವಾದ್ಯ ಎತ್ಕೊಳ್ಳೋದು. ಕೇಳೋರಿಗಿಂತ ನುಡಿಸೋರ ಖುಷಿಗೆ ನಡೆಯೋ ಸಂಗೀತ, ಅದಕ್ಕೇ ನೀವು ಕೇಳ್ಲಿಲ್ಲ ಅಂದ್ರೂ ಅದಕ್ಕೆ ಅವಮಾನ ಇಲ್ಲ. ಹುಡುಕುವಾಗ ದಿಜಿ ವಾದಕ ಲು ಚುನ್‌ಲಿಂಗ್ ಹೆಸರಿರೋ ಹಳೇ ಮೇಳಗಳನ್ನ ಆರಿಸ್ಕೊಳ್ಳಿ. ದೊಡ್ಡ ಆರ್ಕೆಸ್ಟ್ರಾ, ಕಂಡಕ್ಟರ್, ಚೆಲ್ಲೋ ಎಲ್ಲಾ ಇದ್ರೆ ಬಿಡಿ, ಐದಾರು ಜನರ ಮೇಲೆ ಹೋದ್ರೆ ಆ ಹರಟೆ ಗುಣ ಹೋಗ್ಬಿಡತ್ತೆ. ಟೀ ಅದೇ ಕಡೆದು, ಬಿಲುವೊಚುನ್ ಇಲ್ಲಾ ಲಾಂಗ್‌ಜಿಂಗ್, 80 ಡಿಗ್ರಿ ಆಸುಪಾಸಿನ ನೀರು, ಲೋಟದಲ್ಲಿ ಮೂರನೇ ಒಂದು ಭಾಗ ಉಳಿದಾಗ ಮತ್ತೆ ನೀರು ಹುಯ್ಯಿ, ಪೂರ್ತಿ ಖಾಲಿ ಮಾಡಿದ್ರೆ ಮುಂದಿನ ಸುತ್ತು ಸಪ್ಪೆ.

ಪಿಪಾ, ಎರ್ಹು

ಪಿಪಾ ಬಗ್ಗೆ ಎರಡೇ ಮಾತು. ಇದ್ರಲ್ಲಿ ಶಾಂತ ಕೃತಿ, ಯುದ್ಧದ ಕೃತಿ ಅಂತ ಎರಡು ಜಾತಿ. ಶಿಮಿಯಾನ್ ಮೈಫು ಕ್ರಿ.ಪೂ. 202ರ ಗೈಶಿಯಾ ಕದನದ್ದು, ಕುದುರೆ, ಬಾಣ, ಕೂಗು ಎಲ್ಲಾ ನಾಲ್ಕೇ ತಂತಿಯಲ್ಲಿ, ಅದನ್ನ ಹಾಕಿ ಟೀ ಕುಡಿಯೋರು ಯಾರೂ ಇಲ್ಲ. ಶಾಂತ ಜಾತಿಯ ಶಿಯಾಂಗ್ ಶಿಯಾವ್‌ಗು ಬೇರೆ ಮಾತು, ನದಿ ಮೇಲಿನ ಸಂಜೆ. 1920ರ ದಶಕದಲ್ಲಿ ಶಾಂಘೈನವ್ರು ಅದನ್ನೇ ಮೇಳಕ್ಕೆ ಹೊಂದಿಸಿ ಚುನ್‌ಜಿಯಾಂಗ್ ಹುವಾಯುಎ ಯೆ ಅಂತ ಹೆಸರಿಟ್ರು, ಇವತ್ತು ಟೀ ಕಾರ್ಯಕ್ರಮಗಳಲ್ಲಿ ಅತಿ ಹೆಚ್ಚು ಸವೆದಿರೋ ಕೃತಿ ಇದೇ ಇರ್ಬೇಕು. ಒಂಟಿ ಪಿಪಾದಲ್ಲಿ ಕೇಳಿ, ಸವೆದಿಲ್ಲ.

ಎರ್ಹು ವಿಷ್ಯಕ್ಕೆ ಬಂದ್ರೆ ನನಗೆ ಸ್ವಲ್ಪ ತಕರಾರಿದೆ. ಎರಡು ತಂತಿ, ಹೆಬ್ಬಾವಿನ ಚರ್ಮ, ತಂತಿಗಳ ನಡುವೆ ಸಿಕ್ಕಿಸಿದ ಕಮಾನು, ಮನುಷ್ಯರ ಕಂಠಕ್ಕೆ ಇಷ್ಟು ಹತ್ತಿರದ ವಾದ್ಯ ಇನ್ನೊಂದು ಸಿಗೋದು ಕಷ್ಟ, ಆದ್ರೆ ಕಂಠ ಅಂದ್ಮೇಲೆ ಅದು ಗಮನ ಕೇಳತ್ತೆ. ಹಿಂದೆ ಇರೋಕೆ ಒಪ್ಪಲ್ಲ. ಪಕ್ಕದಲ್ಲಿ ಯಾರೋ ಅಳ್ತಾ ಇರುವಾಗ ಟೀ ರುಚಿ ನೋಡೋದು ಹೇಗೆ? ಎರ್ಹುವಿನ ಅತಿ ಪ್ರಸಿದ್ಧ ಕೃತಿ ಎರ್‌ಚುಆನ್ ಯಿಂಗ್‌ಯುಎ, ವುಶಿ ಊರಿನ ಬೀದಿಯಲ್ಲಿ ನುಡಿಸ್ತಿದ್ದ ಕಣ್ಣಿಲ್ಲದ ಅಬಿಂಗ್ ಅವ್ರದ್ದು, ನಿಜ ಹೆಸ್ರು ಹುವಾ ಯಾನ್‌ಜುನ್. 1950ರಲ್ಲಿ ಯಾಂಗ್ ಯಿನ್‌ಲಿಯು ಅನ್ನೋ ಸಂಗೀತ ವಿದ್ವಾಂಸರು ಅವ್ರನ್ನ ಹುಡ್ಕೊಂಡು ಹೋಗಿ ಮೂರು ಎರ್ಹು ಕೃತಿ, ಮೂರು ಪಿಪಾ ಕೃತಿ ರೆಕಾರ್ಡ್ ಮಾಡ್ಕೊಂಡ್ರು, ಅದೇ ವರ್ಷ ಡಿಸೆಂಬರ್‌ನಲ್ಲಿ ಅಬಿಂಗ್ ತೀರ್ಕೊಂಡ್ರು. ಉಳಿದಿರೋದು ಆ ಆರೇ.

ವಿಚಿತ್ರ ಅಂದ್ರೆ ಈ ಕೃತಿಯ ಹೆಸರಲ್ಲೇ ಟೀ ಇದೆ. ಎರಡನೇ ಚಿಲುಮೆಯಲ್ಲಿ ಚಂದ್ರನ ಬಿಂಬ ಅಂತ ಹೆಸ್ರು, ಆ ಚಿಲುಮೆ ವುಶಿಯ ಹುಯ್ ಬೆಟ್ಟದಲ್ಲಿದೆ, ಟಾಂಗ್ ವಂಶದ ಕಾಲದ ಲು ಯು, ಅಂದ್ರೆ ಚಹಾ ಋಷಿ ಅಂತಲೇ ಚೀನಾ ಪೂಜೆ ಮಾಡೋ ಮನುಷ್ಯ, ಟೀ ಮಾಡೋಕೆ ಯೋಗ್ಯ ನೀರುಗಳಲ್ಲಿ ಅದಕ್ಕೆ ಎರಡನೇ ಸ್ಥಾನ ಕೊಟ್ಟಿದ್ರು ಅಂತ ಪ್ರತೀತಿ, ಅದಕ್ಕೇ ಎರಡನೇ ಚಿಲುಮೆ. ಹಾಗಾಗಿ ಎರ್ಹು ಟೀಗೆ ಬೇಡ ಅಂತ ನಾನು ಎಷ್ಟೇ ಹೇಳಿದ್ರೂ ಈ ಒಂದು ಕೃತಿಗೆ ವಿನಾಯಿತಿ ಕೊಡ್ಲೇಬೇಕು. ಟೀ ಕುಡಿದು ಮುಗಿಸಿ, ಲೋಟ ತೊಳೆದಿಟ್ಟು, ಆಮೇಲೆ ಕೇಳಿ. ಶೂ ತ್ಸಿಶು ಪಟ್ಟಿ ಉಲ್ಟಾ ಆಯ್ತು ಅಷ್ಟೇ. ಲಘುವಾಗಿ ಬೇಕಂದ್ರೆ ಲಿಯು ಟಿಯಾನ್‌ಹುವಾ ಅವ್ರ ಲಿಯಾಂಗ್ ಶಿಯಾವ್ ಇದೆ, ಒಳ್ಳೆ ಸಂಜೆ ಅಂತ ಅರ್ಥ, ನಾಲ್ಕು ನಿಮಿಷದೊಳಗೆ ಮುಗಿಯತ್ತೆ, ಅಳಿಸಲ್ಲ.

ಟೀ ಬೆಳೆಯೋ ಊರಿನ ಸಂಗೀತ ಹಾಕೋದಾದ್ರೆ

ಇದು ಯಾವ ಪ್ಲೇಲಿಸ್ಟಲ್ಲೂ ಸಿಗದ ದಾರಿ, ಸ್ವಲ್ಪ ಹುಡುಕ್ಬೇಕು. ಕೈಲಿರೋ ಟೀ ಯಾವ ಊರಿಂದೋ ಅಲ್ಲಿನ ಸಂಗೀತಾನೇ ಹಾಕೋದು.

ಟಿಯೆ ಗುವಾನ್‌ಯಿನ್ ಊಲಾಂಗ್ ಬರೋದು ಫೂಜಿಯಾನ್ ಪ್ರಾಂತ್ಯದ ಆನ್‌ಶಿಯಿಂದ, ಆನ್‌ಶಿ ಸೇರೋದು ಚುಆನ್‌ಝೋ ಆಡಳಿತಕ್ಕೆ, ಆ ಚುಆನ್‌ಝೋ ನಾನ್‌ಯಿನ್ ಅನ್ನೋ ಹಳೇ ಸಂಗೀತದ ತವರು. 2009ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಇಲ್ಲಿ ಪಿಪಾನ ನೆಟ್ಟಗೆ ಹಿಡಿಯಲ್ಲ, ಗಿಟಾರ್ ಥರ ಅಡ್ಡ ಹಿಡೀತಾರೆ, ಟಾಂಗ್ ಕಾಲದ ಚಿತ್ರಗಳಲ್ಲಿ ಇರೋ ಹಾಗೇ. ಹಾಡೋರು ಕೈಲಿ ಐದು ಮರದ ಪಟ್ಟಿ ಹಿಡಿದು ತಾಳ ಹಾಕ್ತಾರೆ, ಒಂದೊಂದು ಅಕ್ಷರನ ಎಳೆದೂ ಎಳೆದೂ ಹಾಡ್ತಾರೆ, ತಾಳದ ಮುಂದಿನ ಪೆಟ್ಟು ಬರೋ ಹೊತ್ತಿಗೆ ಹಿಂದಿನದು ಮರ್ತೋಗಿರತ್ತೆ. ವಿಳಂಬ ಕಾಲ ಇಷ್ಟಪಡೋರು ಬಿಡ್ಬೇಡಿ. ಅವಸರದವ್ರು ಈ ಕಡೆ ಬರ್ಲೇಬೇಡಿ.

ಇನ್ನೂ ದಕ್ಷಿಣಕ್ಕೆ, ಗ್ವಾಂಗ್‌ಡಾಂಗ್ ಪ್ರಾಂತ್ಯದ ಚಾವೊಝೋಗೆ ಬಂದ್ರೆ ಗುಂಗ್‌ಫು ಟೀ ಹುಚ್ಚಿನ ಊರೇ ಅದು. ಅಂಗೈ ಅಗಲದ ಪಾಟು, ಮೂರು ಪುಟಾಣಿ ಲೋಟ, ಫೆಂಗ್‌ಹುವಾಂಗ್ ಬೆಟ್ಟದ ದಾನ್‌ಸೊಂಗ್ ಊಲಾಂಗ್, ಅಂಗಡಿಯವ್ರೂ ಗಿರಾಕಿಗೆ ಟೀ ಕೊಡದೆ ವ್ಯಾಪಾರ ಶುರು ಮಾಡಲ್ಲ. ಅಲ್ಲಿನ ತಂತಿ ಮೇಳದ ಸಂಗೀತಕ್ಕೆ ಶಿಯೆನ್‌ಶಿ ಅಂತಾರೆ. ಕರ್ನಾಟಕ ಸಂಗೀತ ಕೇಳೋರು ಬೇರೆ ಯಾವ್ದೂ ಕೇಳದಿದ್ರೂ ಇದನ್ನ ಕೇಳಿ, ಯಾಕಂದ್ರೆ ಇಲ್ಲಿ ರಾಗದ ಛಾಯೆ ಬದಲಾಯಿಸೋ ಪದ್ಧತಿ ಇದೆ. ಒಂದೇ ಕೃತಿನ ಹಗುರ ಆರು, ಭಾರ ಆರು, ಜೀವಂತ ಐದು ಅಂತ ಬೇರೆ ಬೇರೆ ಸ್ವರಮೇಳಕ್ಕೆ ತಿರುಗಿಸ್ತಾರೆ, ಸ್ವರಸ್ಥಾನ ನಮ್ಮ ಕೀಬೋರ್ಡಿನ ಮನೆಗಳ ಮಧ್ಯೆ ಎಲ್ಲೋ ಬೀಳತ್ತೆ. ಜೀವಂತ ಐದರಲ್ಲಿ ಎರಡನೇ ಸ್ವರ ಒಂದು ಕಡೆ ನಿಲ್ಲೋದೇ ಇಲ್ಲ, ಒತ್ತಿ ತೂಗ್ತಾನೇ ಇರ್ತಾರೆ, ಕೇಳಿದ ತಕ್ಷಣ ಗಮಕ ಅನ್ಸತ್ತೆ, ದುಃಖದ ಕೃತಿಗಳಿಗೆ ಅದನ್ನೇ ಬಳಸೋದು. ಹಾನ್‌ಯಾ ಶಿಶುಯ್, ನೀರಲ್ಲಾಡೋ ಹಕ್ಕಿಗಳು, ಭಾರ ಆರರಲ್ಲಿದೆ, ಚಾವೊಝೋ ಶೈಲಿಯ ಗುಜೆಂಗಲ್ಲಿ ಸುಲಭವಾಗಿ ಸಿಗತ್ತೆ. ನಿಧಾನಕ್ಕೆ ಶುರುವಾಗಿ ಹಂತ ಹಂತವಾಗಿ ವೇಗ ಏರತ್ತೆ, ನಿಮ್ಮ ಟೀನೂ ಮೂರನೇ ನಾಲ್ಕನೇ ಸುತ್ತಲ್ಲಿ ಬಿಚ್ಕೊಳ್ಳೋ ಜಾತಿದು, ಎರಡೂ ಕೂಡ್ಕೊಂಡು ಬರತ್ತೆ.

ಕ್ಯಾಂಟೊನೀಸ್ ಸಂಗೀತ ಮಾತ್ರ ಬೆಳಗ್ಗೆಗೆ. ಗ್ವಾಂಗ್‌ಝೋ, ಹಾಂಗ್‌ಕಾಂಗ್ ಕಡೆ ಬೆಳಗ್ಗೆ ಟೀ ಕುಡಿಯೋಕೆ ಹೋಗೋದು ಅಂದ್ರೆ ತಿಂಡಿ, ಪೇಪರ್, ಗಲಾಟೆ, ಸ್ಟೀಮರ್ ತಟ್ಟೆಗಳು, ಕಪ್ಪು ಪುಯರ್. ಲ್ಯೂ ವೆನ್‌ಚೆಂಗ್ ಅನ್ನೋರು 1920ರ ದಶಕದಲ್ಲಿ ಎರ್ಹುಗೆ ಉಕ್ಕಿನ ತಂತಿ ಹಾಕಿ ಶ್ರುತಿ ಏರಿಸಿ ಗಾವೊಹು ಅಂತ ಮಾಡಿದ್ರು, ಅಳೋ ವಾದ್ಯ ನಗೋಕೆ ಶುರು ಮಾಡ್ತು. ಅವ್ರದ್ದೇ ಬುಬು ಗಾವೊ ಕೇಳಿದ್ರೆ ಕಾಲು ತಾನಾಗೇ ಕುಣಿಯತ್ತೆ. ಯು ದಾ ಬಾಜಿಯಾವೊ ಅಂತ ಇನ್ನೊಂದಿದೆ, ಬಾಳೆ ಎಲೆ ಮೇಲೆ ಮಳೆ ಬೀಳೋದು, ಮಲೆನಾಡಿನವ್ರಿಗೆ ಅದನ್ನ ನಾನೇನು ವರ್ಣಿಸೋದು. ನಮ್ಮ ಹಾಲು ಸಕ್ಕರೆ ಹಾಕಿದ ಸ್ಟ್ರಾಂಗ್ ಟೀ ಬಿಟ್ಟು ಬೇರೆ ಕುಡಿಯಲ್ಲ ಅನ್ನೋರು ಇದೀರಲ್ಲ, ನಿಮಗೆ ಇದೇ ಸರಿ. ಗುಚಿನ್ ಹಾಕಿ ಶುಂಠಿ ಟೀ ಕುಡಿದ್ರೆ ಯಾರೂ ಪೊಲೀಸ್‌ಗೆ ಹಿಡ್ಕೊಡಲ್ಲ, ಆದ್ರೆ ಎರಡೂ ಹಾಳಾಗತ್ತೆ.

ಮಾತು ಇರೋ ಹಾಡು ಹಾಕ್ಬಹುದಾ ಅಂದ್ರೆ, ಸುಝೋ ಪಿಂಗ್‌ಟಾನ್ ಹಾಕ್ಬಹುದು. ಇಬ್ರು ಕೂತು, ಒಬ್ರ ಕೈಲಿ ಸಾನ್‌ಶಿಯೆನ್, ಒಬ್ರ ಕೈಲಿ ಪಿಪಾ, ಸುಝೋ ಆಡುಮಾತಲ್ಲಿ ಕಥೆ ಹೇಳ್ತಾ ನಡುನಡುವೆ ಹಾಡ್ತಾರೆ, ಕೇಳೋರ ಮುಂದೆ ಟೀ ಇದ್ದೇ ಇರತ್ತೆ. ನಮಗೆ ಒಂದಕ್ಷರ ಅರ್ಥ ಆಗಲ್ಲ, ಅದೇ ಅನುಕೂಲ. ಬೀಜಿಂಗ್ ಆಪೆರಾ ಬೇಡ, ಇದ್ರಲ್ಲಿ ನಾನು ಶೂ ತ್ಸಿಶು ಪಾರ್ಟಿ. ಚೆಂಗ್ಡು ಊರಿನ ಥರ ಬೇಕಂದ್ರೆ ಸಂಗೀತಾನೇ ಹಾಕ್ಬೇಡಿ, ಅಲ್ಲಿನ ಪಾರ್ಕ್ ಟೀ ಅಂಗಡಿಗಳಲ್ಲಿ ಮಜಾಂಗ್ ಆಟದ ಕಲ್ಲುಗಳ ಖಟಖಟ, ಕಿವಿ ಗುಗ್ಗೆ ತೆಗೆಯೋರು ಕಬ್ಬಿಣದ ಚಿಮಟ ಮೀಟಿ ಟ್ಯೂಂಯ್ ಅನ್ನಿಸ್ಕೊಂಡು ಓಡಾಡೋ ಸದ್ದು, ಮಲ್ಲಿಗೆ ಟೀ, ಅಷ್ಟೇ ಸಾಕು ಅವ್ರಿಗೆ.

ಸ್ಪೀಕರ್ ವಿಷ್ಯ

ಗುಚಿನ್ನಿನ ದಪ್ಪ ತಂತಿ ಸುಮಾರು 65 ಹರ್ಟ್ಸ್‌ವರೆಗೆ ಇಳಿಯತ್ತೆ, ಫೋನಿನ ಸ್ಪೀಕರ್‌ಗೆ ಅದು ಆಗಲ್ಲ, ಮೇಲಿನ ನಾದ ಅಷ್ಟೇ ಕೇಳಿ ತಗಡು ತಗಡು ಅನ್ಸತ್ತೆ. ಗುಜೆಂಗ್, ಕ್ಯಾಂಟೊನೀಸ್ ಫೋನಲ್ಲೂ ನಡೆಯತ್ತೆ, ಸಿಜು ಚಿಕ್ಕ ಬ್ಲೂಟೂತ್ ಡಬ್ಬಿಯಲ್ಲಿ ಆರಾಮು. ಗುಚಿನ್‌ಗೆ ಮಾತ್ರ ಹೆಡ್‌ಫೋನ್ ಇಲ್ಲಾ ಸ್ವಲ್ಪ ದೊಡ್ಡ ಸ್ಪೀಕರ್, ವಾಲ್ಯೂಮ್ ಜಾಸ್ತಿ ಏರಿಸ್ಬೇಡಿ, ನಿಜವಾದ ಗುಚಿನ್ ಎದುರಿಗೆ ಇದ್ರೂ ಅಷ್ಟು ಕೂಗಲ್ಲ. ಹೆಡ್‌ಫೋನಲ್ಲಿ ನಾಯ್ಸ್ ಕ್ಯಾನ್ಸಲ್ ಆನ್ ಮಾಡಿದ್ರೆ ನೀರು ಹುಯ್ಯೋ ಸದ್ದೂ ಹೋಗತ್ತೆ, ಲೋಟ ತುಂಬಿ ಮೇಜಿನ ಮೇಲೆ ಹರಿದ್ಮೇಲೇ ಗೊತ್ತಾಗೋದು.

ಮತ್ತೆ ದುಡ್ಡು ಕೊಡದ ಆ್ಯಪಲ್ಲಿ ಕೇಳ್ತೀರಾ ಅಂದ್ರೆ ಮೊದ್ಲೇ ಡೌನ್‌ಲೋಡ್ ಮಾಡ್ಕೊಳ್ಳಿ ಇಲ್ಲಾ ಸೀಡಿ ಹುಡುಕಿ, ಯಾಕಂದ್ರೆ ಪಿಂಗ್‌ಶಾ ಲುವೊಯಾನ್ ಅನ್ನೋ ಗುಚಿನ್ ಕೃತಿಯಲ್ಲಿ ಕಾಡು ಹೆಬ್ಬಾತುಗಳ ಹಿಂಡು ಮರಳ ದಂಡೆಗೆ ಇಳೀತಾ ಇರೋ ಹೊತ್ತಿಗೇ ಸರಿಯಾಗಿ ಸಾಲದ ಆ್ಯಪಿನ ಜಾಹೀರಾತು ಕಿರುಚತ್ತೆ, ಅದೂ ಡಬಲ್ ವಾಲ್ಯೂಮಲ್ಲಿ.